ಗಂಟೆ ಕೇಳಿದರೆ ಎರಡು ಉತ್ತರ

ಗಂಟೆ ಎಷ್ಟಾಯಿತೆಂದು ದಾರಿಹೋಕರನ್ನು ಕೇಳಿದರೆ ಒಂದೇ ಉತ್ತರ ಸಿಗುತ್ತದೆ. ಕಂಪ್ಯೂಟರನ್ನು ಕೇಳಿದರೆ ಎರಡು ಸಿಗಬಹುದು. ಎರಡೂ ಸರಿಯಾಗಿಯೇ ಇರಬಹುದು. ಆದರೂ ಎರಡರಲ್ಲಿ ಒಂದನ್ನು ನೆಚ್ಚಿಕೊಂಡು ಲೆಕ್ಕ ಮುಂದುವರಿಸಿದವರು ಎಂದಾದರೊಂದು ದಿನ ಪೇಚಿಗೆ ಸಿಕ್ಕುವ ಸಂಭವವಿದೆ. ಇದೇನು ಒಗಟು ಎನ್ನುವಿರಾ? ಇದನ್ನು ಬಿಡಿಸಲು ಸಾಫ್ಟ್‌ವೇರ್ ಲೋಕದ ಒಂದು ಹಳೆಯ ಮೂಲೆಗೆ ಹೋಗಬೇಕು. ಅದು ಟೆಕ್ಸ್ಟ್ ಎಡಿಟರುಗಳ ಮೂಲೆ.

ಪತ್ರ, ಲಗ್ನಪತ್ರಿಕೆ ಸಿದ್ಧಪಡಿಸುವ ವರ್ಡ್ ಪ್ರೊಸೆಸರ್ ಬೇರೆ, ಟೆಕ್ಸ್ಟ್ ಎಡಿಟರ್ ಬೇರೆ. ಮೊದಲನೆಯದಕ್ಕೆ ದಪ್ಪಕ್ಷರ, ಓರೆಯಕ್ಷರ, ಚಿತ್ರ, ಅಂಚು ಎಲ್ಲವೂ ಬೇಕು. ಎರಡನೆಯದಕ್ಕೆ ಬರಿಯ ಅಕ್ಷರ ಸಾಕು. ಪ್ರೋಗ್ರಾಂ ಬರೆಯುವವರಿಗೆ ಅದೇ ಹಲಗೆ, ಅದೇ ಬಳಪ. ಈ ವಂಶದ ಎರಡು ಹಿರಿಯ ತಲೆಗಳು ಇಂದಿಗೂ ಗಟ್ಟಿಮುಟ್ಟಾಗಿವೆ. ಇಮ್ಯಾಕ್ಸ್ ಎಂಬುದು 1976ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿತು, ಈಗ ಬಳಕೆಯಲ್ಲಿರುವ ಅದರ ಗ್ನೂ ಅವತಾರವನ್ನು ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದರು. ಇನ್ನೊಂದು ವಿಮ್. ಇದು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅವರ ಕೂಸು, 1991ರಲ್ಲಿ ಬಿಡುಗಡೆಯಾಯಿತು. ಮೂಲೆನಾರ್ ಇದಕ್ಕೆ ಬೆಲೆ ಕಟ್ಟಲಿಲ್ಲ. ಇಷ್ಟವಾದವರು ಉಗಾಂಡದ ಬಡ ಮಕ್ಕಳಿಗೆ ನೆರವು ನೀಡಿ ಎಂದಷ್ಟೇ ಕೇಳಿಕೊಂಡರು. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಈ ಎರಡೂ ಎಡಿಟರುಗಳ ವಿಶೇಷವೆಂದರೆ ಬಳಸುವವರೇ ಅವಕ್ಕೆ ಹೊಸ ಹೊಸ ಕೆಲಸ ಕಲಿಸಬಹುದು. ಅದಕ್ಕಾಗಿ ಒಳಗೆ ನೂರಾರು ಫಂಕ್ಷನ್‌ಗಳನ್ನು ಇಟ್ಟಿದ್ದಾರೆ. ಫಂಕ್ಷನ್ ಎಂದರೆ ಕೇಳಿದ್ದಕ್ಕೆ ಉತ್ತರ ತಂದುಕೊಡುವ ಆಳು ಎಂದಿಟ್ಟುಕೊಳ್ಳಿ. 'ಎಷ್ಟನೇ ಸಾಲಿನಲ್ಲಿದ್ದೇನೆ?' 'ಯಾವ ಯಾವ ಕಡತ ತೆರೆದಿದೆ?' 'ಗಂಟೆ ಎಷ್ಟು?' ಎಂದು ಕೇಳಿದರೆ ಓಡಿಹೋಗಿ ಉತ್ತರ ತರುತ್ತದೆ. ಆ ಉತ್ತರವನ್ನು ಹೇಗೆ ತರುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಚೀಟಿಯಲ್ಲಿ ಬರೆದು ತರುತ್ತದೆಯೋ, ವಸ್ತುವನ್ನೇ ಹೊತ್ತು ತರುತ್ತದೆಯೋ?

ರಾಜ್ಯೋತ್ಸವದ ಬೆಳಗ್ಗೆ

2023ರ ನವೆಂಬರ್ 1, ಬುಧವಾರ, ಬೆಳಗ್ಗೆ 9 ಗಂಟೆ 5 ನಿಮಿಷ ಎಂದು ಊಹಿಸಿಕೊಳ್ಳೋಣ. ಇಮ್ಯಾಕ್ಸಿನಲ್ಲಿ 'ಕರೆಂಟ್-ಟೈಮ್-ಸ್ಟ್ರಿಂಗ್' ಎಂಬ ಫಂಕ್ಷನ್ ಇದೆ. ಅದನ್ನು ಕರೆದರೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನ ಮೂರು ಅಕ್ಷರದಲ್ಲಿ ವಾರ, ಮೂರು ಅಕ್ಷರದಲ್ಲಿ ತಿಂಗಳು, ಎರಡು ಸ್ಥಾನದಲ್ಲಿ ತಾರೀಖು, ಎಂಟು ಸ್ಥಾನದಲ್ಲಿ ಗಂಟೆ-ನಿಮಿಷ-ಸೆಕೆಂಡು, ಕೊನೆಗೆ ನಾಲ್ಕು ಸ್ಥಾನದಲ್ಲಿ ಇಸವಿ ಇರುತ್ತವೆ. ನಡುವಿನ ಖಾಲಿ ಜಾಗವೂ ಸೇರಿ ಒಟ್ಟು 24 ಸ್ಥಾನ. ಓದಲು ಎಷ್ಟು ಚೆನ್ನ! ಆದರೆ ಕಂಪ್ಯೂಟರಿನ ಮಟ್ಟಿಗೆ ಇದು 24 ಮಣಿಗಳ ಒಂದು ಸರ, ಅಷ್ಟೆ. ಇದನ್ನೇ ಸ್ಟ್ರಿಂಗ್ ಎನ್ನುವುದು. ನಾವು ಅಕ್ಷರಸರ ಎನ್ನೋಣ. ಅದರಲ್ಲಿ ವಾರ ಯಾವುದು, ಇಸವಿ ಯಾವುದು ಎಂದು ಸರಕ್ಕೇ ಗೊತ್ತಿಲ್ಲ.

ಇದೇ ಪ್ರಶ್ನೆಯನ್ನು 'ಡಿಕೋಡ್-ಟೈಮ್' ಎಂಬ ಇನ್ನೊಂದು ಫಂಕ್ಷನ್ನಿಗೆ ಕೇಳಿದರೆ ಒಂಬತ್ತು ಖಾನೆಗಳ ಡಬ್ಬಿ ಬರುತ್ತದೆ, ನಮ್ಮ ಅಡುಗೆಮನೆಯ ಸಾಂಬಾರ ಡಬ್ಬಿಯ ಹಾಗೆ. ಸೆಕೆಂಡು 0, ನಿಮಿಷ 5, ಗಂಟೆ 9, ತಾರೀಖು 1, ತಿಂಗಳು 11, ಇಸವಿ 2023, ವಾರ 3. ಭಾನುವಾರ ಸೊನ್ನೆಯಾದರೆ ಬುಧವಾರ ಮೂರು ತಾನೆ? ಎಂಟನೆಯ ಖಾನೆಯಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದೂಡುವ ಪದ್ಧತಿ ಉಂಟೇ ಎಂಬ ವಿವರ. ನಮ್ಮ ದೇಶದಲ್ಲಿ ಆ ಗೋಜಿಲ್ಲ. ಒಂಬತ್ತನೆಯ ಖಾನೆಯಲ್ಲಿ 19,800 ಎಂಬ ಅಂಕಿ. ಅದು ಸೆಕೆಂಡುಗಳ ಲೆಕ್ಕ. 3,600ರಿಂದ ಭಾಗಿಸಿದರೆ ಐದೂವರೆ ಗಂಟೆ. ಗ್ರೀನಿಚ್ಚಿಗಿಂತ ನಾವು ಅಷ್ಟು ಮುಂದಿದ್ದೇವೆ ಎಂಬುದಕ್ಕೆ ಸಾಕ್ಷಿ.

ಮೊದಲಿನ ಚೀಟಿಯಲ್ಲಿ ಈ ಐದೂವರೆ ಗಂಟೆ ಎಲ್ಲಿತ್ತು? ಎಲ್ಲೂ ಇರಲಿಲ್ಲ! ಬರೆದವರು ಅದನ್ನು ಕೈಬಿಟ್ಟಿದ್ದಾರೆ. ಹೊಸ್ಟನ್ನಿನಲ್ಲಿರುವ ಕನ್ನಡಿಗರೊಬ್ಬರಿಗೆ ಆ ಚೀಟಿಯನ್ನಷ್ಟೇ ಕಳಿಸಿದರೆ, ಈ 9 ಗಂಟೆ 5 ನಿಮಿಷ ಧಾರವಾಡದ್ದೋ ಹೊಸ್ಟನ್ನಿನದ್ದೋ ಎಂದು ತಿಳಿಯುವ ದಾರಿಯೇ ಇಲ್ಲ. ಚೀಟಿಯನ್ನು ಎಷ್ಟೇ ಜಾಣತನದಿಂದ ಕತ್ತರಿಸಿ ಜೋಡಿಸಿದರೂ ಬರೆಯುವಾಗ ಬಿಟ್ಟುಹೋದದ್ದು ಮರಳಿ ಬರುವುದಿಲ್ಲ. ಡಬ್ಬಿಯಿಂದ ಚೀಟಿ ಮಾಡುವುದು ಸುಲಭ, ಚೀಟಿಯಿಂದ ಡಬ್ಬಿ ಮಾಡುವುದು ಕಷ್ಟ. ಕನ್ನಡದಲ್ಲಿ 'ಬುಧವಾರ' ಎಂದು ತೋರಿಸಬೇಕಾದರೂ ಅಷ್ಟೆ. ಅಂಕಿ 3 ಕೈಯಲ್ಲಿದ್ದರೆ ಏಳು ಹೆಸರುಗಳ ಪಟ್ಟಿಯಿಂದ ಒಂದನ್ನು ಎತ್ತಿಕೊಂಡರಾಯಿತು. ಚೀಟಿಯಾದರೆ ಇಂಗ್ಲಿಷಿನ ಮೂರಕ್ಷರ ಬಿಡಿಸಿ, ಹೋಲಿಸಿ, ಆಮೇಲೆ ಕನ್ನಡಕ್ಕೆ ಬರಬೇಕು.

ಇಮ್ಯಾಕ್ಸಿನ ಜೊತೆಗೇ ಬರುವ ವಿವರಣೆಯಲ್ಲಿ ಈ ಚೀಟಿ ಫಂಕ್ಷನ್ ಬಗ್ಗೆ ಒಂದು ಸ್ವಾರಸ್ಯದ ಮಾತಿದೆ. ಪ್ರತಿ ಭಾಗಕ್ಕೂ ಸ್ಥಾನ ನಿಗದಿಯಾಗಿರುವುದರಿಂದ ಪ್ರೋಗ್ರಾಂಗಳು ಇದನ್ನು ಕತ್ತರಿಸಿ ಬಳಸಬಹುದು. ಆದರೆ ಇಸವಿ 1000ದಿಂದ 9999ರ ಒಳಗೆ ಇದ್ದರೆ ಮಾತ್ರ ಎಂಬರ್ಥದ ಷರತ್ತು ಅದು. ಹತ್ತು ಸಾವಿರನೆಯ ಇಸವಿಯ ಚಿಂತೆ ನಮಗೇಕೆ ಎನ್ನಬಹುದು. ಇಸವಿಗೆ ಎರಡೇ ಅಂಕಿ ಸಾಕೆಂದುಕೊಂಡು 1999ರಲ್ಲಿ ಲೋಕವೆಲ್ಲ ಪಟ್ಟ ಪಾಡನ್ನು ಕಂಡವರು ಹಾಗೆ ನಗಲಾರರು. ಅದೇ ವಿವರಣೆ ಮುಂದುವರಿದು, ಇದಕ್ಕಿಂತ ಸಮರ್ಥವಾದದ್ದು 'ಡಿಕೋಡ್-ಟೈಮ್', ಅದನ್ನೂ ನೋಡಿ ಎನ್ನುತ್ತದೆ. 2020ರಲ್ಲಿ ಬಂದ 27ನೇ ಆವೃತ್ತಿಯಲ್ಲಿ ಡಬ್ಬಿಯ ಖಾನೆಗಳಿಗೆ ಹೆಸರುಪಟ್ಟಿಯನ್ನೂ ಅಂಟಿಸಿದರು. ಆರನೆಯ ಖಾನೆ ಎಂದು ಎಣಿಸುವ ಬದಲು 'ಇಸವಿ ಕೊಡು' ಎಂದರೆ ಸಾಕು.

ಎಡಿಟರಿನ ಪಟ್ಟಿ ಎಡಿಟರಿಗೇ ತಿಳಿಯದು!

ವಿಮ್‌ನ ಕಥೆ ಇನ್ನೂ ತಮಾಷೆಯದು. ತೆರೆದಿರುವ ಕಡತಗಳ ಪಟ್ಟಿ ನೋಡಲು ಅದರಲ್ಲಿ 'ಎಲ್‌ಎಸ್' ಎಂಬ ಆಜ್ಞೆಯಿದೆ. ಕೊಟ್ಟೊಡನೆ ಪರದೆಯ ಮೇಲೆ ಸಾಲು ಸಾಲಾಗಿ ಕಡತದ ಸಂಖ್ಯೆ, ಒಂದೆರಡು ಚಿಹ್ನೆ, ಉದ್ಧರಣ ಚಿಹ್ನೆಯೊಳಗೆ ಕಡತದ ಹೆಸರು, ಕೊನೆಗೆ ಎಷ್ಟನೇ ಸಾಲಿನಲ್ಲಿದ್ದೀರಿ ಎಂಬ ವಿವರ ಮೂಡುತ್ತವೆ. ಶೇಕಡಾ ಚಿಹ್ನೆ ಇದ್ದರೆ ಈಗ ಮುಂದಿರುವ ಕಡತ. ಕೂಡುವ ಚಿಹ್ನೆ ಇದ್ದರೆ ತಿದ್ದಿ ಇನ್ನೂ ಉಳಿಸದ ಕಡತ.

ಮನುಷ್ಯರಿಗೆ ಇಷ್ಟು ಧಾರಾಳ ಸಾಕು. ಆದರೆ 'ತಿದ್ದಿದ ಕಡತಗಳನ್ನೆಲ್ಲ ಹುಡುಕಿ ತೋರಿಸು' ಎಂಬ ಪುಟ್ಟ ಪ್ರೋಗ್ರಾಂ ಬರೆಯಹೊರಟವರು ಬಹುಕಾಲ ಏನು ಮಾಡಬೇಕಾಗಿತ್ತು ಗೊತ್ತೆ? ಪರದೆಗೆ ಹೋಗುವ ಆ ಸಾಲುಗಳನ್ನು ದಾರಿಯಲ್ಲೇ ಅಡ್ಡಗಟ್ಟಿ ಹಿಡಿದು, ಒಂದೊಂದನ್ನೂ ಕತ್ತರಿಸಿ, ಚಿಹ್ನೆ ಹುಡುಕುವುದು ಒಂದು ರೂಢಿಯಾಗಿತ್ತು. ಎಡಿಟರಿಗೆ ತನ್ನ ಕಡತಗಳ ವಿಷಯವೆಲ್ಲ ಒಳಗೆ ಅಂಗೈ ಗೆರೆಯಂತೆ ಗೊತ್ತು. ಆದರೂ ಅದೇ ಎಡಿಟರಿನೊಳಗೆ ಓಡುವ ಪ್ರೋಗ್ರಾಂ ಹೊರಗಿನವರಂತೆ ಪರದೆಯನ್ನು ಇಣುಕಿ ಓದಬೇಕು! ಕಡತದ ಹೆಸರಿನಲ್ಲೇ ಉದ್ಧರಣ ಚಿಹ್ನೆ ಇದ್ದರೆ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತಿತ್ತು. ವಿಮ್ ಜರ್ಮನ್ ಭಾಷೆಯಲ್ಲಿ ಮಾತಾಡುವಂತೆ ಮಾಡಿಕೊಂಡವರಲ್ಲಿ ಸಾಲಿನ ಕೊನೆಯ ಆ ಪದವೂ ಜರ್ಮನ್ ಆಗುತ್ತಿತ್ತು. ಇಂಗ್ಲಿಷ್ ಪದ ಹುಡುಕುತ್ತಿದ್ದ ಪ್ರೋಗ್ರಾಂ ಕಕ್ಕಾಬಿಕ್ಕಿ.

ತಪ್ಪು ಯಾರದೂ ಅಲ್ಲ ಎನ್ನಬೇಕು. ವಿಮ್‌ನ ಸ್ವಂತ ಭಾಷೆಗೆ ಆರಂಭದ ವರ್ಷಗಳಲ್ಲಿ ಗೊತ್ತಿದ್ದದ್ದು ಎರಡೇ ಬಗೆ, ಸಂಖ್ಯೆ ಮತ್ತು ಅಕ್ಷರಸರ. ಪಟ್ಟಿ, ಹೆಸರುಳ್ಳ ಖಾನೆಗಳ ಪೆಟ್ಟಿಗೆ ಮುಂತಾದವು ಬಂದದ್ದು 2006ರ 7ನೇ ಆವೃತ್ತಿಯಲ್ಲಿ. ಕಡತಗಳ ವಿವರವನ್ನು ಅಂಥ ಪೆಟ್ಟಿಗೆಗಳಲ್ಲೇ ತುಂಬಿಕೊಡುವ 'ಗೆಟ್‌ಬಫ್‌ಇನ್ಫೊ' ಎಂಬ ಫಂಕ್ಷನ್ 2016ರ 8ನೇ ಆವೃತ್ತಿಯ ಹೊತ್ತಿಗೆ ಬಂತು. ಅದರಲ್ಲಿ 'ಬದಲಾಗಿದೆಯೇ?' ಎಂಬುದಕ್ಕೊಂದು ಖಾನೆ, 'ಎಷ್ಟನೇ ಸಾಲು?' ಎಂಬುದಕ್ಕೊಂದು ಖಾನೆ. ಹೆಸರಿನೊಳಗೆ ಏನೇ ಚಿಹ್ನೆ ಇರಲಿ, ಪರದೆಯ ಭಾಷೆ ಯಾವುದೇ ಆಗಿರಲಿ, ಖಾನೆ ಅಲುಗುವುದಿಲ್ಲ.

ಮೇಲೆ 'ಬಗೆ' ಎಂದೆನಲ್ಲ, ಇಂಗ್ಲಿಷಿನವರು ಅದನ್ನು ಟೈಪ್ ಎನ್ನುತ್ತಾರೆ. ಜಾತಿ ಎಂದೂ ಕರೆಯಬಹುದಿತ್ತು. ನಮ್ಮಲ್ಲಿ ಆ ಮಾತಿಗೆ ಬೇರೆಯೇ ಭಾರವಿದೆ, ಬಗೆಯೇ ಇರಲಿ.

ಊಹೆ ಎಂಬ ರೋಗ

ಅಕ್ಷರಸರದ ನಿಜವಾದ ಅಪಾಯ ಕತ್ತರಿಸುವ ಶ್ರಮದಲ್ಲಿಲ್ಲ. ಅದನ್ನು ಪಡೆದವರು ಊಹೆ ಮಾಡಬೇಕಾಗುತ್ತದೆ, ಅಲ್ಲಿದೆ ಅಪಾಯ. ವಿಮ್‌ನ ಹಳೆಯ ಭಾಷೆಯಲ್ಲಿ ಅಕ್ಷರಸರವನ್ನು ಸಂಖ್ಯೆಯೊಡನೆ ಕೂಡಿಸಿದರೆ ಅದು ತಕರಾರು ಮಾಡುವುದಿಲ್ಲ, ತಾನೇ ಊಹಿಸಿ ಸಂಖ್ಯೆ ಮಾಡಿಕೊಳ್ಳುತ್ತದೆ. '456' ಎಂಬ ಸರ 456 ಆಗುತ್ತದೆ, ಸರಿ. ಅಂಕಿಯೇ ಇಲ್ಲದ ಪದ ಕೊಟ್ಟರೆ? ಸದ್ದಿಲ್ಲದೆ ಸೊನ್ನೆ! ಮೊದಲಿಗೆ ಸೊನ್ನೆಯಿದ್ದರೆ ಇನ್ನೂ ಸೊಗಸು. ಹಳೆಯ ಯೂನಿಕ್ಸ್ ಸಂಪ್ರದಾಯದಂತೆ ಅದನ್ನು ಎಂಟರ ಮಾನದ ಸಂಖ್ಯೆ ಎಂದು ಓದುತ್ತದೆ. ಆಗ '0100' ಎಂಬುದು 64.

ವಿದ್ಯಾರ್ಥಿಗಳ ನೋಂದಣಿ ಸಂಖ್ಯೆಗಳನ್ನು ನಾಲ್ಕು ಸ್ಥಾನ ತುಂಬುವಂತೆ ಮೊದಲಿಗೆ ಸೊನ್ನೆ ಹಾಕಿ ಬರೆಯುವುದು ನಮ್ಮಲ್ಲಿ ವಾಡಿಕೆ. '0107' ಮತ್ತು '0108' ಅಕ್ಕಪಕ್ಕ ಕೂರುವ ಮಕ್ಕಳು. ವಿಮ್‌ನ ಊಹೆಯಲ್ಲಿ 0107 ಎಂದರೆ 71. ಮುಂದಿನದು 72 ಆಗಬೇಕಲ್ಲ? ಇಲ್ಲ. ಎಂಟರ ಮಾನದಲ್ಲಿ 8 ಎಂಬ ಅಂಕಿಯೇ ಇಲ್ಲ. ಆದ್ದರಿಂದ ಇದು ಹತ್ತರ ಮಾನದ್ದೇ ಇರಬೇಕೆಂದು ಊಹಿಸಿ 0108 ಅನ್ನು 108 ಎಂದೇ ಓದುತ್ತದೆ. ಅಕ್ಕಪಕ್ಕದ ಮಕ್ಕಳ ನಡುವೆ 37ರ ಅಂತರ! ಇದಕ್ಕೆ ಮದ್ದಿಲ್ಲವೆಂದಲ್ಲ, ಹತ್ತರ ಮಾನದಲ್ಲೇ ಓದು ಎಂದು ಹೇಳುವ ಬೇರೆ ಫಂಕ್ಷನ್ ಇದೆ. ಆದರೆ ರೋಗವಿದೆ ಎಂದು ಗೊತ್ತಾದವರು ತಾನೆ ಮದ್ದು ಹುಡುಕುವುದು?

ತರಗತಿಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ 'ಗೊತ್ತಿಲ್ಲ ಸಾರ್' ಎನ್ನುವ ಹುಡುಗ ನನಗೆ ಇಷ್ಟ. ಅವನಿಗೆ ಕಲಿಸಬಹುದು. ಆತ್ಮವಿಶ್ವಾಸದಿಂದ ಏನನ್ನೋ ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುವವನ ತಪ್ಪು ಎಲ್ಲಿ ಆರಂಭವಾಯಿತೆಂದು ಹುಡುಕುವುದೇ ದೊಡ್ಡ ಕೆಲಸ. 2022ರಲ್ಲಿ ಬಂದ ವಿಮ್‌ನ 9ನೇ ಆವೃತ್ತಿಯ ಹೊಸ ಭಾಷೆ ಮೊದಲನೆಯ ಹುಡುಗನ ಸ್ವಭಾವದ್ದು. ಸಂಖ್ಯೆ ಬೇಕಾದ ಕಡೆ ಅಕ್ಷರಸರ ಕೊಟ್ಟರೆ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ. ಕಿರಿಕಿರಿ ಎನ್ನುವವರು ಇದ್ದಾರೆ. ನನಗಂತೂ ಅದು ಕಿರಿಕಿರಿಯೆನಿಸುವುದಿಲ್ಲ.

ಊಹೆಯ ದೆಸೆಯಿಂದ ಪ್ರಪಂಚ ತೆತ್ತ ಬೆಲೆಗೆ ಎಡಿಟರುಗಳ ಹೊರಗಿನದೊಂದು ನಿದರ್ಶನ ಹೇಳಬೇಕು. ಮನುಷ್ಯನ ಒಂದು ಜೀನ್‌ಗೆ 'ಸೆಪ್ಟಿನ್' ಎಂಬ ಪ್ರೋಟೀನಿನ ಹೆಸರಿನಿಂದ 'ಸೆಪ್ಟ್2' ಎಂಬ ಚುಟುಕು ಸಂಕೇತ ಇತ್ತು. ಮೈಕ್ರೋಸಾಫ್ಟಿನ ಎಕ್ಸೆಲ್ ಕೋಷ್ಟಕದಲ್ಲಿ ಇದನ್ನು ಬೆರಳಚ್ಚಿಸಿದರೆ ಓಹೋ, ಸೆಪ್ಟೆಂಬರ್ 2 ಎಂದುಕೊಂಡು ಅದನ್ನು ದಿನಾಂಕ ಮಾಡಿಬಿಡುತ್ತಿತ್ತು. 'ಮಾರ್ಚ್1' ಎಂಬ ಜೀನ್ ಮಾರ್ಚ್ ತಿಂಗಳ ಮೊದಲ ದಿನವಾಗುತ್ತಿತ್ತು. ವಿಜ್ಞಾನಿಗಳು 2004ರಲ್ಲೇ ಎಚ್ಚರಿಸಿದ್ದರು. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಪ್ರಮುಖ ಪತ್ರಿಕೆಗಳಲ್ಲಿ ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದು ಭಾಗದಲ್ಲಿ ಇಂಥ ತಪ್ಪು ಕಂಡುಬಂತು. ಕೊನೆಗೆ ಸೋತವರು ಜೀವವಿಜ್ಞಾನಿಗಳೇ. ಜೀನ್‌ಗಳ ನಾಮಕರಣ ಸಮಿತಿ 2020ರಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಸೆಪ್ಟ್2 ಹೋಗಿ 'ಸೆಪ್ಟಿನ್2' ಆಯಿತು, ಮಾರ್ಚ್1 ಹೋಗಿ 'ಮಾರ್ಚ್‌ಎಫ್1' ಆಯಿತು. ಒಂದು ತಂತ್ರಾಂಶದ ಊಹೆಗೆ ಹೆದರಿ ಮನುಷ್ಯ ತನ್ನ ವಂಶವಾಹಿಗಳ ಹೆಸರನ್ನೇ ಬದಲಿಸಿಕೊಂಡದ್ದು ವಿಜ್ಞಾನದ ಚರಿತ್ರೆಯಲ್ಲಿ ನಗುವಂಥದ್ದೂ ಹೌದು, ಅಳುವಂಥದ್ದೂ ಹೌದು. ಊಹಿಸಬೇಡ ಎಂದು ಹೇಳುವ ಅವಕಾಶವನ್ನು ಎಕ್ಸೆಲ್ ಒದಗಿಸಿದ್ದು 2023ರಲ್ಲಿ.

ಜಾರುವ ಗುರುತು

ಮತ್ತೆ ಎಡಿಟರಿಗೆ ಬರೋಣ. ದೀರ್ಘ ಪಠ್ಯವೊಂದರಲ್ಲಿ ನೀವು ಒಂದು ಜಾಗವನ್ನು ನೆನಪಿಟ್ಟುಕೊಳ್ಳಬೇಕು. 'ನಾನು ಎಲ್ಲಿದ್ದೇನೆ?' ಎಂದು ಕೇಳಿದರೆ ಇಮ್ಯಾಕ್ಸ್ 500 ಎಂಬ ಸಂಖ್ಯೆ ಕೊಟ್ಟಿತೆನ್ನಿ. ಅಂದರೆ ಮೊದಲಿನಿಂದ ಐನೂರನೆಯ ಅಕ್ಷರದ ಜಾಗ. ಬರೆದಿಟ್ಟುಕೊಂಡಿರಿ. ಆಮೇಲೆ ಮೊದಲ ಪುಟದಲ್ಲಿ ಹತ್ತು ಅಕ್ಷರ ಸೇರಿಸಿದಿರಿ. ನೀವು ಗುರುತಿಸಿದ್ದ ಪದ ಈಗ 510ಕ್ಕೆ ಜಾರಿದೆ. ನಿಮ್ಮ ಚೀಟಿ ಮಾತ್ರ 500 ಎನ್ನುತ್ತಿದೆ! ಗಮನಿಸಿ, ಇಲ್ಲಿ ಕೈಗೆ ಬಂದದ್ದು ಅಕ್ಷರಸರವಲ್ಲ, ಸಾಕ್ಷಾತ್ ಸಂಖ್ಯೆ. ಆದರೂ ಹಳಸಿತು. 'ಜಾಗ' ಎಂಬ ಬಗೆಗೂ 'ಸಂಖ್ಯೆ' ಎಂಬ ಬಗೆಗೂ ವ್ಯತ್ಯಾಸವಿದೆ.

ಇದಕ್ಕಾಗಿ ಇಮ್ಯಾಕ್ಸಿನಲ್ಲಿ 'ಮಾರ್ಕರ್' ಎಂಬ ವಸ್ತು ಉಂಟು. ಗದ್ದೆಯಲ್ಲಿ ನೆಟ್ಟ ಗೂಟದಂತೆ ಅದು ಪಠ್ಯಕ್ಕೆ ಅಂಟಿಕೊಂಡಿರುತ್ತದೆ. ಮುಂದೆ ಹತ್ತು ಅಕ್ಷರ ಸೇರಿದರೆ ತಾನೂ ಹತ್ತು ಹೆಜ್ಜೆ ಸರಿಯುತ್ತದೆ, ಅಳಿಸಿದರೆ ಹಿಂದೆ ಬರುತ್ತದೆ. ಪುಕ್ಕಟೆಯಲ್ಲ ಇದು. ಪ್ರತಿ ಸಲ ಅಕ್ಷರ ಸೇರಿಸಿದಾಗಲೂ ಗೂಟಗಳ ಲೆಕ್ಕ ನೋಡಿಕೊಳ್ಳುವ ಕೆಲಸ ಎಡಿಟರಿನದು. ಆದ್ದರಿಂದ ಬಳಸಿ ಮುಗಿದ ಗೂಟವನ್ನು ಕಿತ್ತುಬಿಡಿ ಎಂದು ಕೈಪಿಡಿ ಬುದ್ಧಿ ಹೇಳುತ್ತದೆ.

ಇನ್ನು ನಮ್ಮ ಲಿಪಿಯ ವಿಷಯ. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು ಎಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಅದು ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಕಡತದಲ್ಲಿ ಉಳಿಸುವಾಗ ಯುಟಿಎಫ್-8 ವಿಧಾನದಲ್ಲಿ ಈ ಒಂದೊಂದಕ್ಕೂ ಮೂರು ಬೈಟು, ಒಟ್ಟು 15. ವಿಮ್‌ನಲ್ಲಿ ಉದ್ದ ಅಳೆಯುವ ಹಳೆಯ ಫಂಕ್ಷನ್ 15 ಎನ್ನುತ್ತದೆ, ಇನ್ನೊಂದು ಫಂಕ್ಷನ್ 5 ಎನ್ನುತ್ತದೆ. ಇಂಗ್ಲಿಷಿನ 'ಕೆಎಎನ್' ಎಂಬ ಮೂರಕ್ಷರಕ್ಕೆ ಎಲ್ಲ ಲೆಕ್ಕದಲ್ಲೂ ಮೂರೇ. ಆದ್ದರಿಂದ ಅಮೆರಿಕದಲ್ಲಿ ಕುಳಿತು ಫಂಕ್ಷನ್ ಬರೆದವರಿಗೆ ಈ ಭೇದ ಬಹುಕಾಲ ಕಣ್ಣಿಗೆ ಬೀಳಲಿಲ್ಲ. ಸ್ಥಾನ ಎಣಿಸಿ ಸರ ಕತ್ತರಿಸುವ ಪ್ರೋಗ್ರಾಂ ನಮ್ಮ ಪದವನ್ನು ನಾಲ್ಕನೇ ಬೈಟಿಗೆ ತುಂಡರಿಸಿದರೆ 'ಕ' ಪೂರ್ತಿ ಉಳಿದು 'ನ'ದ ಮೂರರಲ್ಲೊಂದು ಪಾಲು ಕಸವಾಗಿ ಕಾಣುತ್ತದೆ. ಯೂನಿಕೋಡಿನ ಮೂರನೇ ಸ್ಥಾನಕ್ಕೆ ತುಂಡರಿಸಿದರೆ 'ಕನ್' ಎಂದು ನಿಲ್ಲುತ್ತದೆ. ಅಕ್ಷರಸರ ಎಂಬುದು ಮಣಿಗಳ ಸರವೇ ಆಗಿದ್ದರೆ ಮಣಿ ಯಾವುದೆಂದಾದರೂ ತಿಳಿದಿರಬೇಡವೆ?

2016ರಿಂದ ಈಚೆಗೆ ಎಡಿಟರುಗಳು ಮತ್ತು ಪ್ರೋಗ್ರಾಂ ಭಾಷೆಗಳ ಪರಿಶೀಲಕಗಳು ಪರಸ್ಪರ ಮಾತಾಡಿಕೊಳ್ಳಲು ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದ ಬಳಕೆಗೆ ಬಂದಿದೆ. ಇದರಲ್ಲಿ ತಪ್ಪಿನ ಜಾಗವನ್ನು 'ಹನ್ನೆರಡನೇ ಸಾಲು ನೋಡಿ' ಎಂಬ ವಾಕ್ಯದಲ್ಲಿ ಹೇಳುವುದಿಲ್ಲ. ಸಾಲಿಗೊಂದು ಖಾನೆ, ಅಕ್ಷರಕ್ಕೊಂದು ಖಾನೆ, ಎಲ್ಲ ಅಚ್ಚುಕಟ್ಟು. ಆದರೆ ಆ 'ಅಕ್ಷರ' ಯಾವ ಮಾನದಲ್ಲಿ? ಯುಟಿಎಫ್-16 ಎಂಬ ಮೂರನೆಯದೇ ಒಂದು ಲೆಕ್ಕದಲ್ಲಿ! 'ಕನ್ನಡ' ಅಲ್ಲಿ 5. ಮೊಬೈಲಿನ ನಗುಮುಖದ ಚಿತ್ರ ಒಂದೇ ಚಿಹ್ನೆಯಾದರೂ ಅಲ್ಲಿ 2. ಬೈಟು ಎಣಿಸುವ ಎಡಿಟರುಗಳಿಗೆ ಇದು ತಲೆನೋವಾಯಿತು. 2022ರ 3.17ನೇ ಆವೃತ್ತಿಯಲ್ಲಿ 'ನಮ್ಮ ನಡುವೆ ಯಾವ ಮಾನ?' ಎಂದು ಮೊದಲೇ ಮಾತಾಡಿಕೊಳ್ಳಲು ಅವಕಾಶ ಕಲ್ಪಿಸಿದರು.

ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಬರೀ 9.8 ಎಂದು ಬರೆದು ಮಾನ ಬರೆಯದಿದ್ದರೆ ಅಂಕ ಕಡಿಯುತ್ತೇವೆ. ಮಕ್ಕಳು ಗೊಣಗುತ್ತಾರೆ. ಅವರಿಗೆ ಹೇಳಲು ಒಂದು ಕಥೆಯಿದೆ. 1998ರ ಡಿಸೆಂಬರಿನಲ್ಲಿ ಅಮೆರಿಕ ಹಾರಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ತಲುಪುತ್ತಲೇ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೌಕೆಯ ಪುಟ್ಟ ರಾಕೆಟ್ಟುಗಳ ನೂಕನ್ನು ಪೌಂಡ್ ಲೆಕ್ಕದಲ್ಲಿ ಕಡತಕ್ಕೆ ಬರೆಯುತ್ತಿತ್ತು. ಅದನ್ನು ಓದುತ್ತಿದ್ದ ಪ್ರೋಗ್ರಾಂ ನ್ಯೂಟನ್ ಲೆಕ್ಕವೆಂದು ನಂಬಿತ್ತು. ಒಂದು ಪೌಂಡ್ ಬಲ ಎಂದರೆ ಸುಮಾರು 4.45 ನ್ಯೂಟನ್. ಕಡತದಲ್ಲಿದ್ದ ಸಂಖ್ಯೆಗಳು ತಮ್ಮ ಮಾನವನ್ನು ಹೊತ್ತು ತಂದಿರಲಿಲ್ಲ, ಓದಿದವರು ಕೇಳಲೂ ಇಲ್ಲ.

ಚೀಟಿಯ ಪರವಾಗಿ

ಇಷ್ಟೆಲ್ಲ ಹೇಳಿದ ಮೇಲೆ ಅಕ್ಷರಸರ ಬೇಡವೇ ಬೇಡ ಎನ್ನುವಂತಿಲ್ಲ. ಯೂನಿಕ್ಸ್ ಲೋಕ 1970ರ ದಶಕದಲ್ಲಿ ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದಕ್ಕೆ ಕೊಳವೆಯಲ್ಲಿ ಹರಿಸುವ ಉಪಾಯ ಕಂಡುಕೊಂಡಿತು. ಆ ಕೊಳವೆಯಲ್ಲಿ ಹರಿಯುವುದು ಸಾಮಾನ್ಯವಾಗಿ ಬರಿಯ ಅಕ್ಷರ. ಬರೆದವರು ಒಬ್ಬರನ್ನೊಬ್ಬರು ಕಂಡಿರದಿದ್ದರೂ ಅವರ ಪ್ರೋಗ್ರಾಂಗಳು ಕೂಡಿ ಕೆಲಸ ಮಾಡಿದ್ದು ಇದರಿಂದಲೇ. ಅಂದು ಬರೆದ ಪಠ್ಯ ಕಡತವನ್ನು ಇಂದಿನ ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಅದೇ ಕಾಲದ ಎಷ್ಟೋ ತಂತ್ರಾಂಶಗಳ ಸ್ವಂತ ನಮೂನೆಯ ಕಡತಗಳಿಗೆ ಆ ಭಾಗ್ಯವಿಲ್ಲ.

ಬಗೆಯುಳ್ಳ ವಸ್ತುವಿಗೆ ಇನ್ನೊಂದು ಮಿತಿಯೂ ಇದೆ. ಇಮ್ಯಾಕ್ಸಿನಲ್ಲಿ ತೆರೆದಿರುವ ಕಡತವೊಂದನ್ನು ವಸ್ತುವಾಗಿಯೇ ಕೇಳಿ ಪಡೆಯಬಹುದು. ಅದರ ಹೆಸರು ಬದಲಿಸಿದರೂ ವಸ್ತು ಅದೇ. ಮುಚ್ಚಿಬಿಟ್ಟರೆ 'ನಾನು ಸತ್ತ ಬಫರ್' ಎಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ಆ ವಸ್ತುವನ್ನು ಕಾಗದಕ್ಕೆ ಇಳಿಸಿ ನಾಳೆ ಮತ್ತೆ ಎತ್ತಿಕೊಳ್ಳುತ್ತೇನೆ ಎಂದರೆ ಆಗದು. ಪರದೆಯ ಮೇಲೆ ಅದರ ಗುರುತು ಮೂಡುವುದು ಒಂದು ವಿಚಿತ್ರ ಆವರಣ ಚಿಹ್ನೆಯೊಳಗೆ. ಅದನ್ನೇ ಹಿಂತಿರುಗಿ ಓದಲು ಕೊಟ್ಟರೆ ಇಮ್ಯಾಕ್ಸ್ ದೂರು ಹೇಳಿ ನಿಲ್ಲುತ್ತದೆ. ಎಡಿಟರ್ ಮುಚ್ಚಿದೊಡನೆ ವಸ್ತುವಿನ ಆಯುಸ್ಸು ಮುಗಿಯಿತು. ತಂತಿಯ ಮೇಲೆ ಇನ್ನೊಂದು ಊರಿಗೆ ಹೋಗಬೇಕಾದರೂ ಅದು ಯಾವುದಾದರೂ ಬರಹದ ರೂಪ ತಾಳಲೇಬೇಕು.

ಹಾಗೆ ಕಳಿಸಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ನಮೂನೆ ಜೇಸನ್. ನೋಡಲು ಪಠ್ಯ, ಆದರೆ ಸಂಖ್ಯೆ, ಅಕ್ಷರಸರ, ಹೌದು-ಅಲ್ಲ, ಖಾಲಿ, ಪಟ್ಟಿ, ಹೆಸರುಳ್ಳ ಖಾನೆಗಳ ಪೆಟ್ಟಿಗೆ ಎಂಬ ಆರು ಬಗೆಗಳ ಗುರುತನ್ನು ಜೊತೆಗೇ ಒಯ್ಯುತ್ತದೆ. ಮೇಲೆ ಹೇಳಿದ ಲ್ಯಾಂಗ್ವೇಜ್ ಸರ್ವರ್ ಮಾತುಕತೆ ನಡೆಯುವುದೂ ಇದರಲ್ಲೇ. ಮನುಷ್ಯರೂ ಓದಬಹುದು, ಯಂತ್ರವೂ ಊಹಿಸಬೇಕಿಲ್ಲ. ಆ ಆರರಲ್ಲಿ ದಿನಾಂಕ ಎಂಬ ಬಗೆ ಮಾತ್ರ ಇಲ್ಲ. ರಾಜ್ಯೋತ್ಸವದ ಆ ಬೆಳಗ್ಗೆಯನ್ನು ಜೇಸನ್‌ನಲ್ಲಿ ಕಳಿಸಬೇಕಾದರೆ ಸಾಮಾನ್ಯವಾಗಿ ಮತ್ತೆ ಅಕ್ಷರಸರವನ್ನೇ ಬರೆಯುತ್ತಾರೆ. ಮೊದಲು ಇಸವಿ, ಆಮೇಲೆ ತಿಂಗಳು, ತಾರೀಖು, ವೇಳೆ. ಕೊನೆಯಲ್ಲಿ, ಬರೆಯುವವರು ಮರೆಯದಿದ್ದರೆ, ಕೂಡುವ ಚಿಹ್ನೆ ಹಾಕಿ 05:30.